ಒಂದು ಹನಿ ಎಷ್ಟು ಚಾರ್ಜ್ ತಾಳುತ್ತದೆ? ಕೆಲ್ವಿನ್ ಹನಿಯಂತ್ರದ ಆರು ತಿಂಗಳು

ಜುಲೈ, ಮೂರನೇ ವಾರ

ಎರಡನೇ ಸಲವೂ ಫೇಲ್. ಕಟ್ಟಿದ್ದರಲ್ಲಿ ತಪ್ಪಿಲ್ಲ. ಮೇಲೆ ಪ್ಲಾಸ್ಟಿಕ್ ಬಕೆಟ್, ಅದರಿಂದ ಇಳಿಬಿದ್ದ ಎರಡು ಡ್ರಿಪ್ ಪೈಪು, ಪೈಪಿನ ತುದಿಯ ಸುತ್ತ ತಳ ಕತ್ತರಿಸಿದ ಹಾಲಿನಪುಡಿ ಡಬ್ಬ (ಇದನ್ನು ಬಳೆ ಅನ್ನೋಣ), ಕೆಳಗೆ ನೀರು ಹಿಡಿಯಲು ಇನ್ನೊಂದು ಡಬ್ಬ. ಎಡಗಡೆ ಬಳೆಗೆ ಬಲಗಡೆ ಡಬ್ಬದಿಂದ ತಂತಿ, ಬಲಗಡೆ ಬಳೆಗೆ ಎಡಗಡೆಯದರಿಂದ. ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, 1867ರಲ್ಲಿ ಮಾಡಿದ ಯಂತ್ರ ಇದೇ. ಬ್ಯಾಟರಿ ಬೇಡ, ಮೋಟಾರು ಬೇಡ. ಒಂದು ಬಳೆಯಲ್ಲಿ ಚೂರು ಋಣ ಚಾರ್ಜ್ ಇದ್ದರೆ ಅದರೊಳಗಿಂದ ಬೀಳುವ ಹನಿ ಧನ ಚಾರ್ಜ್ ಹೊತ್ತು ಇಳಿಯುತ್ತದೆ. ಆ ಧನ ತಂತಿ ಹಿಡಿದು ಆಚೆ ಬಳೆಗೆ ಹೋಗಿ ಅಲ್ಲಿಯ ಹನಿಗಳನ್ನು ಋಣ ಮಾಡುತ್ತದೆ. ಆ ಋಣ ಮತ್ತೆ ಈಚೆ ಬಳೆಗೆ. ಚಕ್ರಬಡ್ಡಿ ಲೆಕ್ಕ.

ಬಡ್ಡಿ ಬೆಳೆಯಬೇಕಾದರೆ ಅಸಲು ಉಳಿಯಬೇಕಲ್ಲ. ನಮ್ಮೂರು ಸಾಗರದ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಡಬ್ಬದಡಿಯ ಥರ್ಮಾಕೋಲ್ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು, ಬಂದ ಚಾರ್ಜ್ ಎಲ್ಲ ಅದರಲ್ಲೇ ಸೋರಿ ನೆಲ ಸೇರಿತು. ಸಾಮಾನು ಅಟ್ಟಕ್ಕೆ.

ಡಿಸೆಂಬರ್ 14

ಒಣ ಚಳಿ. ಥರ್ಮಾಕೋಲ್ ತೆಗೆದು ಪ್ಲಾಸ್ಟಿಕ್ ಸ್ಟೂಲ್ ಇಟ್ಟೆ, ಅದರ ಕಾಲುಗಳಿಗೆ ಮೇಣದಬತ್ತಿ ಕರಗಿಸಿ ಹಚ್ಚಿದೆ. ಕಿಡಿ ಹಾರಲು, ಒಂದೊಂದು ಡಬ್ಬಕ್ಕೆ ತಂತಿಯಿಂದ ಸೇರಿಸಿದ ಎರಡು ಸ್ಟೀಲ್ ಸೌಟುಗಳ ಬೆನ್ನನ್ನು 4 ಮಿಲಿಮೀಟರ್ ಅಂತರದಲ್ಲಿ ಎದುರುಬದುರು ಕಟ್ಟಿದ್ದಾಯಿತು. ನಲ್ಲಿ ಬಿಟ್ಟು ಅರ್ಧ ನಿಮಿಷ ಆಗಿರಬೇಕು, ಚಟ್! ಒಣ ಗಾಳಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ತಾಳುತ್ತದೆ, ಹಾಗಾಗಿ 4 ಮಿಮೀ ದಾಟಿದ್ದು ಅಂದಾಜು 12,000 ವೋಲ್ಟ್. ಶಕ್ತಿ ಮಾತ್ರ ಮಿಲಿಜೂಲಿಗಿಂತ ಕಡಿಮೆ. ಬೆರಳಿಗೆ ಹೊಡೆದರೆ ಸ್ವೆಟರ್ ಬಿಚ್ಚುವಾಗ ಹೊಡೆದಷ್ಟೇ.

ಡಿಸೆಂಬರ್ 21

ಸೌಟುಗಳನ್ನು 8 ಮಿಮೀಗೆ ಸರಿಸಿದರೆ ಕಿಡಿಯೇ ಇಲ್ಲ. ರಾತ್ರಿ ಲೈಟ್ ಆರಿಸಿ ಕಿವಿಗೊಟ್ಟಾಗ ಸಣ್ಣಗೆ ಸುಯ್ ಅನ್ನುವ ಸದ್ದು. ತಗಡು ಕತ್ತರಿಯಲ್ಲಿ ಕತ್ತರಿಸಿದ ಬಳೆಯ ಅಂಚಿನಲ್ಲಿ ಹಲ್ಲುಹಲ್ಲಾಗಿ ಉಳಿದ ಮುಳ್ಳುಗಳೇ ಕಳ್ಳರು! ಚೂಪು ತುದಿಯಲ್ಲಿ ವಿದ್ಯುತ್ ಕ್ಷೇತ್ರ ಒತ್ತಿಕೊಂಡು ಅಲ್ಲಿಯ ಗಾಳಿ ಮೊದಲೇ ಸೋಲುತ್ತದೆ, ಚಾರ್ಜ್ ಅಲ್ಲಿಂದ ಸೋರುತ್ತದೆ. ಅಂಚನ್ನು ಇಕ್ಕಳದಲ್ಲಿ ಒಳಕ್ಕೆ ಮಡಚಿ ಎಂ-ಸೀಲ್ ಮೆತ್ತಿದೆ.

ಸದ್ದು ನಿಂತಿತು, ಆದರೂ 8 ಮಿಮೀ ದಾಟಲಿಲ್ಲ. ಈ ಸಲ ಕಾರಣ ಕಣ್ಣಿಗೇ ಕಂಡಿತು. ನೆಟ್ಟಗೆ ಬೀಳುತ್ತಿದ್ದ ಹನಿಗಳು ಕಿಡಿಯ ಹೊತ್ತು ಹತ್ತಿರವಾದಂತೆ ಛತ್ರಿಯ ಹಾಗೆ ಅರಳುತ್ತವೆ. ಕೆಳಗಿನ ಡಬ್ಬ ಅವನ್ನು ದೂಡುತ್ತದೆ, ಬಳೆ ಎಳೆಯುತ್ತದೆ. ಕೆಲವು ಬಳೆಗೇ ಅಪ್ಪಳಿಸಿ ಗಳಿಸಿದ್ದನ್ನು ಕಳೆಯುತ್ತವೆ. ಒಂದು ಹನಿಯಂತೂ ಅರ್ಧ ದಾರಿಯಲ್ಲಿ ತಿರುಗಿ ಮೇಲಕ್ಕೆ ಹೋಯಿತು. ಆಮೇಲೆ ಹತ್ತು ನಿಮಿಷ ನಾನು ಕಿಡಿ ಮರೆತು ಅದನ್ನೇ ನೋಡುತ್ತ ಕೂತೆ.

ಜನವರಿ 4

ಅಷ್ಟು ಹೊತ್ತಿಗೆ ತಲೆಗೆ ಹೊಕ್ಕ ಪ್ರಶ್ನೆ: ಡಬ್ಬಕ್ಕೆ ಮಿತಿ ಇದೆ, ಗಾಳಿಗೆ ಮಿತಿ ಇದೆ, ಹನಿಗೆ? 1882ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ಲೆಕ್ಕ ಹಾಕಿಟ್ಟಿದ್ದಾರೆ. ಚಾರ್ಜ್ ಹನಿಯನ್ನು ಹೊರಕ್ಕೆ ದೂಡುತ್ತದೆ, ಮೇಲ್ಮೈ ಎಳೆತ ಒಳಕ್ಕೆ ಬಿಗಿಹಿಡಿಯುತ್ತದೆ. ಒಂದು ಮಟ್ಟ (ಇದೇ ರೇಲೀ ಮಿತಿ) ದಾಟಿದರೆ ಬಿಗಿ ಸೋತು ಹನಿ ಒಡೆಯುತ್ತದೆ. ಜರ್ಮನಿಯ ಸಂಶೋಧಕರು ತೇಲಿಸಿ ಹಿಡಿದ ಸೂಕ್ಷ್ಮ ಹನಿಯೊಂದು ಹಾಗೆ ಒಡೆಯುವುದರ ಫೋಟೊವನ್ನು 2003ರಲ್ಲಿ ಪ್ರಕಟಿಸಿದರು. ಹನಿ ಉದ್ದುದ್ದ ಆಗಿ, ಎರಡು ತುದಿಗಳಿಂದ ಎಳೆಯಷ್ಟು ತೆಳ್ಳಗಿನ ಚಿಲುಮೆ ಚಿಮ್ಮಿಸಿ, ಮತ್ತೆ ಗುಂಡಗಾಗುತ್ತದೆ. ಹೋಗುವ ದ್ರವ ನೂರಕ್ಕೆ ಒಂದು ಪಾಲೂ ಅಲ್ಲ, ಹೋಗುವ ಚಾರ್ಜ್ ಹತ್ತಿರಹತ್ತಿರ ಮೂರನೇ ಒಂದು ಪಾಲು!

ನನ್ನ ಹನಿ ಎಷ್ಟು ದೊಡ್ಡದು? ನೂರು ಹನಿ ಸಿರಿಂಜಿನಲ್ಲಿ ಹಿಡಿದರೆ 5 ಮಿಲಿಲೀಟರ್. ಅಂದರೆ ತ್ರಿಜ್ಯ ಸುಮಾರು 2.3 ಮಿಮೀ, ರೇಲೀ ಮಿತಿ ಸುಮಾರು 2.2 ನ್ಯಾನೋಕೂಲಂಬ್ (ಕೂಲಂಬ್ ಅಂದರೆ ಚಾರ್ಜಿನ ಅಳತೆ, ನ್ಯಾನೋ ಅಂದರೆ ಅದರ ನೂರು ಕೋಟಿಯಲ್ಲಿ ಒಂದು ಪಾಲು).

ಜನವರಿ 11

ಅಳೆಯುವ ದಿನ. ಯಂತ್ರದ ಅರ್ಧ ಭಾಗ ಮಾತ್ರ ಇಟ್ಟುಕೊಂಡು ಬಳೆಗೆ ಸೊಳ್ಳೆ ಬ್ಯಾಟಿನ ಒಂದು ಜಾಲರಿಯಿಂದ ತಂತಿ, ಇನ್ನೊಂದು ಜಾಲರಿಯಿಂದ ಬಕೆಟ್ಟಿನ ನೀರಿಗೆ ತಂತಿ. ಗುಂಡಿ ಒತ್ತಿಯೇ ಇರಲಿ ಅಂತ ರಬ್ಬರ್ ಬ್ಯಾಂಡ್ ಸುತ್ತಿದೆ. "ಹನಿ ಎಣಿಸಕ್ಕೆ ಸೊಳ್ಳೆ ಬ್ಯಾಟ್ ಎಂತಕ್ಕೋ ಮಾರಾಯ?" ಅಂದರು ಅಮ್ಮ. ಅದರಲ್ಲಿ ಸಾವಿರದಿಂದ ಎರಡು ಸಾವಿರ ವೋಲ್ಟ್ ಪುಕ್ಕಟೆ ಸಿಗುತ್ತದೆ ಅಂದರೆ ನಂಬಲಿಲ್ಲ.

ಹನಿ ಬೀಳುವ ಡಬ್ಬಕ್ಕೂ ಬಕೆಟ್ಟಿನ ನೀರಿಗೂ ನಡುವೆ ಮಲ್ಟಿಮೀಟರ್. ನನ್ನ ಮೀಟರಿನ ಒಳರೋಧ 10 ಮೆಗಾಓಮ್, ಆದ್ದರಿಂದ 10 ಮಿಲಿವೋಲ್ಟ್ ತೋರಿಸಿದರೆ 1 ನ್ಯಾನೋಆಂಪಿಯರ್ ಹರಿಯುತ್ತಿದೆ ಎಂದರ್ಥ. ಸೆಕೆಂಡಿಗೆ ನಾಲ್ಕು ಹನಿ ಬಿಟ್ಟೆ. ಅಂಕಿ ಕುಣಿದು ಕುಣಿದು 6 ಮಿಲಿವೋಲ್ಟ್ ಆಸುಪಾಸು ನಿಂತಿತು. ಬ್ಯಾಟಿನ ತಂತಿ ಅದಲುಬದಲು ಮಾಡಿದಾಗ ಮೈನಸ್ 6. ಇದು ಮೀಟರಿನ ಸುಮ್ಮನೆ ಕುಣಿತ ಅಲ್ಲ ಅನ್ನುವುದಕ್ಕೆ ಅಷ್ಟು ಸಾಕು. ಅಂದರೆ 0.6 ನ್ಯಾನೋಆಂಪಿಯರ್, ಸೆಕೆಂಡಿಗೆ 0.6 ನ್ಯಾನೋಕೂಲಂಬ್. ನಾಲ್ಕು ಹನಿಗೆ ಹಂಚಿದರೆ ಹನಿಯೊಂದಕ್ಕೆ 0.15 ನ್ಯಾನೋಕೂಲಂಬ್, ಮಿತಿಯ ನೂರಕ್ಕೆ ಏಳು ಪಾಲು.

ಜನವರಿ 12

ಮಿತಿ ಮುಟ್ಟಲು ಬಳೆಯ ವೋಲ್ಟೇಜ್ ಹದಿನಾಲ್ಕು ಪಟ್ಟು ಏರಿಸಿದರೆ ಆಯಿತಲ್ಲ ಅಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ಉತ್ಸಾಹ ಇಳಿಯಿತು. ಈ ಗಾತ್ರದ ಹನಿ ರೇಲೀ ಮಿತಿಯಲ್ಲಿದ್ದರೆ ಅದರ ಮೈಮೇಲಿನ ಕ್ಷೇತ್ರ ಸೆಂಟಿಮೀಟರಿಗೆ ಸುಮಾರು 38,000 ವೋಲ್ಟ್. ಗಾಳಿಯ ಮಿತಿಗೆ ಹೆಚ್ಚುಕಡಿಮೆ ಪಕ್ಕದಲ್ಲೇ ಇದೆ! ಸಣ್ಣ ಗೋಳದ ಸುತ್ತ ಗಾಳಿ ಇನ್ನಷ್ಟು ತಾಳುತ್ತದೆ ನಿಜ, ಆದರೆ ಅಷ್ಟರೊಳಗೆ ಹನಿಗಳು ಬಳೆಗೆ ಅಂಟಿರುತ್ತವೆ.

ಬೇರೆ ದಾರಿ ಗಾತ್ರ ಇಳಿಸುವುದು. ಹನಿ ಹೊರುವ ಚಾರ್ಜ್ ತ್ರಿಜ್ಯದ ಲೆಕ್ಕದಲ್ಲಿ ಇಳಿಯುತ್ತದೆ, ಮಿತಿ ಅದಕ್ಕಿಂತ ಬೇಗ ಇಳಿಯುತ್ತದೆ. ತ್ರಿಜ್ಯ ಅರ್ಧ ಮಾಡಿದರೆ ಮಿತಿಗೆ 1.4 ಪಟ್ಟು ಹತ್ತಿರ. ಜಾನ್ ಫೆನ್‌ಗೆ 2002ರ ರಸಾಯನಶಾಸ್ತ್ರ ನೊಬೆಲ್‌ನ ಪಾಲು ತಂದ ಎಲೆಕ್ಟ್ರೋಸ್ಪ್ರೇಯಲ್ಲಿ (ದ್ರವವನ್ನು ಚಾರ್ಜ್ ಹೊತ್ತ ಸಣ್ಣ ಹನಿಗಳಾಗಿ ಸಿಂಪಡಿಸುವ ವಿಧಾನ) ಇನ್ನೂ ಜಾಣತನ ಇದೆ: ಹನಿಯನ್ನು ಹಾರುತ್ತ ಆವಿಯಾಗಲು ಬಿಡುತ್ತಾರೆ. ನೀರು ಹೋಗುತ್ತದೆ, ಚಾರ್ಜ್ ಉಳಿಯುತ್ತದೆ, ಮಿತಿಯೇ ಕೆಳಗಿಳಿದು ಹನಿಯ ಹತ್ತಿರ ಬರುತ್ತದೆ.

ನನಗೆ ಸದ್ಯ ಮೆಡಿಕಲ್ ಶಾಪಿನ ಸಪೂರ ಸೂಜಿ ಸಾಕು. ಸೋಪು ನೀರು ಹಾಕಿದರೆ ಮೇಲ್ಮೈ ಎಳೆತ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಅದೂ ಸಹಾಯವೇ. ಭಾನುವಾರ ಎರಡನ್ನೂ ನೋಡಬೇಕು. ಬ್ಯಾಟನ್ನು ಮಾತ್ರ ಪ್ರತಿದಿನ ಸಂಜೆ ಆರಕ್ಕೆ ಬಿಚ್ಚಿ ಒಳಗೆ ಕೊಡಬೇಕು ಅಂತ ಕರಾರಾಗಿದೆ.