ಡೆರಿಯ ಭಯ: ಪುಟದಲ್ಲಿ ಮತ್ತು ಪರದೆಯಲ್ಲಿ

1986ರಲ್ಲಿ ಪ್ರಕಟವಾದ ಸ್ಟೀಫನ್ ಕಿಂಗ್ ಅವರ 'ಇಟ್' ಕಾದಂಬರಿಯ ಸಾವಿರಕ್ಕೂ ಹೆಚ್ಚು ಪುಟಗಳನ್ನು ಓದಿ ಮುಗಿಸಿದ ಮೇಲೆ, 1990ರ ಎರಡು ಕಂತುಗಳ ಕಿರುತೆರೆ ರೂಪಾಂತರವನ್ನು ನೋಡಿದೆ. ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಕ್ಕಳನ್ನು ಬೇಟೆಯಾಡುವ ಕೇಡು ತೊಟ್ಟ ವೇಷವಾದ ವಿದೂಷಕನಲ್ಲ, ಡೆರಿ ಎಂಬ ಊರೇ. ಸುಮಾರು 27 ವರ್ಷಗಳಿಗೊಮ್ಮೆ ಮಕ್ಕಳು ಬಲಿಯಾಗುತ್ತಿದ್ದರೂ ಹಿರಿಯರು ಮುಖ ತಿರುಗಿಸಿ ನಡೆಯುವ ಆ ಮೌನವನ್ನು, ಗ್ರಂಥಪಾಲಕ ಮೈಕ್ ಹ್ಯಾನ್‌ಲನ್ ಬರೆದಿಡುವ ಊರಿನ ಚರಿತ್ರೆಯ ಅಧ್ಯಾಯಗಳು ಪದರ ಪದರವಾಗಿ ಬಿಚ್ಚಿಡುತ್ತವೆ. ಸರಣಿಯಲ್ಲಿ ಆ ಚರಿತ್ರೆಗೆ ಜಾಗ ತೀರಾ ಕಡಿಮೆಯಾದ್ದರಿಂದ ಕೇಡು ಒಬ್ಬ ವೇಷಧಾರಿಯೊಳಗೆ ಕುಗ್ಗಿಬಿಡುತ್ತದೆ. ಆದರೂ ವಿದೂಷಕನಾಗಿ ಟಿಮ್ ಕರಿ ಅವರ ಅಭಿನಯವನ್ನು ಮನಸಾರೆ ಮೆಚ್ಚುತ್ತೇನೆ: ಚರಂಡಿಯೊಳಗಿಂದ ಪುಟ್ಟ ಜಾರ್ಜಿಯೊಡನೆ ಅಕ್ಕರೆಯಿಂದ ಮಾತಾಡುವ ಆ ದನಿ ಕೇಳಿದಾಗ, ಓದುವಾಗ ಹುಟ್ಟಿದ್ದಕ್ಕಿಂತ ತೀಕ್ಷ್ಣವಾದ ನಡುಕ ನನ್ನನ್ನು ಹಿಡಿಯಿತು. ಕೊನೆಯಲ್ಲಿ ಆ ಕೇಡು ಜೇಡವಾಗಿ ಎದುರಾಗುತ್ತದೆ. ಆ ಜೇಡವು ಪುಟದಲ್ಲಿ, ಮನಸ್ಸು ಗ್ರಹಿಸಲಾರದ ರೂಪಕ್ಕೆ ಸಿಕ್ಕ ಹತ್ತಿರದ ಆಕಾರ ಮಾತ್ರ. ಪರದೆಯಲ್ಲಿ ಅದು ಬರಿಯ ಜೇಡವಾಗಿಯೇ ಉಳಿಯಿತು.