ಬಂಡೆಯೊಳಗಿನ ಚರ್ಚ್

"ಎಲ್ರೀ ಚರ್ಚು?" ಅಂದಳು ಹೆಂಡತಿ. ಫಿನ್‌ಲೆಂಡಿನ ಹೆಲ್ಸಿಂಕಿಯ ಫ್ರೆಡ್ರಿಕಿನ್‌ಕಾತು ರಸ್ತೆಯ ತುದಿಯಲ್ಲಿ ನಿಂತಿದ್ದೆವು. ಎದುರಿಗೆ ಕಲ್ಲುಗುಡ್ಡ, ಅದರ ಬುಡದಲ್ಲೊಂದು ತಗ್ಗಾದ ಕಾಂಕ್ರೀಟ್ ಬಾಗಿಲು. ಟೆಂಪೆಲಿಔಕಿಯೊ ಎಂಬ ಈ ಲುಥೆರನ್ ಚರ್ಚಿಗೆ ಗೋಪುರವಿಲ್ಲ. ಗಂಟೆಯೂ ಇಲ್ಲ, ರೆಕಾರ್ಡ್ ಮಾಡಿದ ಸದ್ದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ.

ಟಿಕೆಟ್ ತಗೊಂಡು ಒಳಗೆ ಹೋದವನು ಸೀದಾ ಗೋಡೆಯ ಹತ್ತಿರ ನಡೆದೆ. ಬರೀ ಬಂಡೆ. ಸಿಡಿಮದ್ದು ತುಂಬಲು ಕೊರೆದ ತೂತುಗಳ ಗೆರೆ ಮೇಲಿಂದ ಕೆಳಗೆ ಹಾಗೇ ಇದೆ, ಬೆರಳಿಟ್ಟರೆ ಕೂರುತ್ತದೆ. ಬಿರುಕುಗಳಲ್ಲಿ ನೀರು ಒಸರುತ್ತದೆ. ಬಲಿಪೀಠದ ಹಿಂದೆ ಚಿತ್ರಪಟವಿಲ್ಲ, ಹಿಮಯುಗದ ಕಾಲದ ಬಂಡೆಬಿರುಕೇ ಆ ಜಾಗದಲ್ಲಿದೆ.

ಇಲ್ಲಿ ಚರ್ಚ್ ಕಟ್ಟಲು 1930ರ ದಶಕದಲ್ಲೇ ಸ್ಪರ್ಧೆ ನಡೆದಿತ್ತು. ಯುದ್ಧ ಬಂತು, ಎಲ್ಲ ನಿಂತಿತು. 1961ರ ಸ್ಪರ್ಧೆ ಗೆದ್ದವರು ಟಿಮೊ ಮತ್ತು ಟುವೊಮೊ ಸುವೊಮಲೈನೆನ್ ಎಂಬ ಅಣ್ಣತಮ್ಮಂದಿರು. ಗುಡ್ಡದ ಮೇಲೆ ಕಟ್ಟುವುದು ಬಿಟ್ಟು ಗುಡ್ಡವನ್ನೇ ಬಗೆದರು. 1968ರಲ್ಲಿ ಕೆಲಸ ಶುರುವಾಗಿ ಮರುವರ್ಷವೇ ಚರ್ಚ್ ತೆರೆಯಿತು.

ತಮಾಷೆ ಅಂದ್ರೆ, ಸ್ಪರ್ಧೆಗೆ ಕಳಿಸಿದ ನಕ್ಷೆಯಲ್ಲಿ ಈ ಬೋಳು ಬಂಡೆ ಇರಲಿಲ್ಲ. ತೀರ್ಪುಗಾರರಿಗೆ ಅತಿಯಾದೀತು ಅಂತ ಅಣ್ಣತಮ್ಮಂದಿರಿಗೇ ಅಳುಕು. ಆಮೇಲೆ ವಾದ್ಯವೃಂದ ನಡೆಸುವ ಪಾವೊ ಬೆರ್ಗ್‌ಲುಂಡ್ ಮತ್ತು ಧ್ವನಿ ತಜ್ಞರ ಜೊತೆ ಮಾತಾಡಿದಾಗ, ಒಳ್ಳೆಯ ನಾದಕ್ಕೆ ಹೀಗೆ ಉಬ್ಬುತಗ್ಗಿನ ಗೋಡೆಯೇ ಬೇಕೆಂದು ಗೊತ್ತಾಯಿತು. ನಾವು ಹೋದಾಗ ಯಾರೋ ಪಿಯಾನೊ ನುಡಿಸುತ್ತಿದ್ದರು. ಹಿಂದಿನ ಸಾಲಿಗೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತಿತ್ತು. ನನಗೆ ಈ ಕಟ್ಟಡ ಇಷ್ಟವಾಗಿದ್ದೇ ಇದಕ್ಕೆ. ಕಣ್ಣಿಗಿಂತ ಕಿವಿಗೆ ಜಾಸ್ತಿ.

ನನ್ನವಳು ಮಾತ್ರ ಕತ್ತೆತ್ತಿ ಕೂತಿದ್ದಳು. ಮೇಲೆ ತಾಮ್ರದ ಪಟ್ಟಿಯನ್ನು ಸಿಂಬೆಯ ಹಾಗೆ ಸುತ್ತಿದ ದೊಡ್ಡ ಗುಮ್ಮಟ. ಅದರ ಸುತ್ತ ಕಾಂಕ್ರೀಟ್ ತೊಲೆಗಳ ನಡುವೆ 180 ಗಾಜಿನ ಕಿಟಕಿ. ಬಂಡೆಯ ಅಂಚು ಸಮವಿಲ್ಲವಲ್ಲ, ಹಾಗಾಗಿ ತೊಲೆಗಳ ಉದ್ದವೂ ಒಂದೇ ಸಮ ಇಲ್ಲ.

ಕಟ್ಟುತ್ತಿದ್ದಾಗ ಕೆಲವು ವಿದ್ಯಾರ್ಥಿಗಳು ಗೋಡೆಯ ಮೇಲೆ "ಬಿಯಾಫ್ರಾ" ಎಂದು ಬಣ್ಣದಲ್ಲಿ ಬರೆದಿದ್ದರಂತೆ. ನೈಜೀರಿಯಾದ ಯುದ್ಧದಲ್ಲಿ ಬಿಯಾಫ್ರಾ ಪ್ರಾಂತದ ಜನ ಹಸಿದು ಸಾಯುತ್ತಿರುವಾಗ ಇಷ್ಟು ದುಡ್ಡು ಸುರಿದು ಚರ್ಚ್ ಬೇಕಾ ಅಂತ.

"ಬರೆದಿದ್ದು ಸರಿಯಾಗೇ ಇದೆ" ಅಂದಳು.

"ಖರ್ಚು ಜಾಸ್ತಿ ಅಂತ ನಕ್ಷೆಯನ್ನ ಮೊದಲೇ ಚಿಕ್ಕದು ಮಾಡಿದ್ರು ಕಣೇ. ಆದರೂ ಬೈಸಿಕೊಂಡರು, ಪಾಪ."

"ಹಾಗಾದ್ರೆ ಅಷ್ಟು ತಾಮ್ರ ಯಾಕೆ ಬೇಕಿತ್ತು?"