ಮೊದಲ ಮಣೆ ಊರುಭಂಗಕ್ಕೆ

ಸಂಸ್ಕೃತ ಪಾಠ ಹೇಳುವವರ ಮುಂದೆ ಮಾತು ಪ್ರಾಚೀನ ನಾಟಕಕಾರ ಭಾಸನ ಕಡೆಗೆ ಹೊರಳಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಹಳೆಯ ವಿದ್ಯಾರ್ಥಿಗಳು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಹವ್ಯಾಸಿ ರಂಗತಂಡದ ಹುಡುಗರು ಫೋನ್ ಮಾಡಿ ಕೇಳಿದ್ದಾರೆ: “ಸಾರ್, 13 ನಾಟಕಗಳಲ್ಲಿ ನಿಮ್ಮ ಲೆಕ್ಕದಲ್ಲಿ ಯಾವುದು ಮೊದಲು, ಯಾವುದು ಕೊನೆ?” ನನ್ನ ಉತ್ತರ ಬಹಳ ವರ್ಷಗಳಿಂದ ಒಂದೇ. ಮೊದಲನೆಯದು ಊರುಭಂಗ, ಎರಡನೆಯದು ಸ್ವಪ್ನವಾಸವದತ್ತ. ಇಷ್ಟು ಹೇಳುವಷ್ಟರಲ್ಲಿ ಎದುರಿನವರ ಹುಬ್ಬು ಮೇಲೇರುತ್ತದೆ.

ಏರುವುದಕ್ಕೆ ಕಾರಣವಿದೆ. ಈ ನಾಟಕಗಳಿಗೆ ಸಾವಿರ ವರ್ಷಗಳ ಹಿಂದೆಯೇ ಒಂದು ತೀರ್ಪು ಬಂದಿದೆ. ಸಂಸ್ಕೃತ ಕವಿ ರಾಜಶೇಖರನ ಹೆಸರಿನಲ್ಲಿ ಪ್ರಸಿದ್ಧವಾದ ಶ್ಲೋಕವೊಂದು ಹೇಳುವ ಪ್ರಕಾರ, ಭಾಸನ ನಾಟಕಚಕ್ರವನ್ನು ಪರೀಕ್ಷೆಗೆಂದು ವಿಮರ್ಶಕರು ಬೆಂಕಿಗೆ ಹಾಕಿದರಂತೆ. ಸ್ವಪ್ನವಾಸವದತ್ತವನ್ನು ಮಾತ್ರ ಅಗ್ನಿ ಸುಡಲಿಲ್ಲವಂತೆ. ‘ಮಾಲವಿಕಾಗ್ನಿಮಿತ್ರ’ದ ಆರಂಭದಲ್ಲಿ ಕಾಳಿದಾಸನೇ ಭಾಸನನ್ನು ಕೀರ್ತಿವಂತನೆಂದು ಹೆಸರಿಸಿದ್ದಾನೆ. ಆದರೆ ನಾಟಕಗಳೇ ಕೈಗೆ ಸಿಕ್ಕಿರಲಿಲ್ಲ. 1909ರಲ್ಲಿ ಪದ್ಮನಾಭಪುರದ ಹತ್ತಿರದ ಮಠವೊಂದರಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಗೆ ಮಲಯಾಳ ಲಿಪಿಯ ಓಲೆಗರಿಗಳು ದೊರೆತವು. 1912ರಿಂದ ಅವು ತಿರುವನಂತಪುರದ ಗ್ರಂಥಮಾಲೆಯಲ್ಲಿ ಅಚ್ಚಾದವು. ಓಲೆಗಳ ಮೇಲೆ ಭಾಸನ ಹೆಸರಿಲ್ಲ. ಹೀಗಾಗಿ ಇವೆಲ್ಲ ಅವನವೇ, ಕೇರಳದ ರಂಗಕಲಾವಿದರು ತಿದ್ದಿ ಇಟ್ಟುಕೊಂಡವೇ ಎಂಬ ವಾದ ಇಂದಿಗೂ ನಡೆಯುತ್ತಿದೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ನನಗೆ ಬೇಕಾದ ಭಾಸನ ಗುರುತು ಬೇರೆ. ಹಿಡಿಯಲಾರದಷ್ಟು ದೊಡ್ಡ ದುಃಖವನ್ನು ಮನೆಯೊಳಗಿನ ಸಣ್ಣದೊಂದು ಸಂಗತಿಯ ಮೇಲೆ ತಂದು ಇಳಿಸುವ ಕೈ ಅದು. ಆ ಕೈ ಎಲ್ಲಿ ಎಷ್ಟು ಗಟ್ಟಿಯಾಗಿ ಕಾಣುತ್ತದೆಯೋ ಅದರಂತೆ ನನ್ನ ಕ್ರಮ.

ಊರುಭಂಗ ಒಂದೇ ಅಂಕದ ನಾಟಕ. ಗದಾಯುದ್ಧವನ್ನು ರಂಗದ ಮೇಲೆ ತೋರಿಸುವುದಿಲ್ಲ. ಮೂವರು ಭಟರು ನೋಡಿ ವರ್ಣಿಸುತ್ತಾರೆ. ಆಮೇಲೆ ತೊಡೆ ಮುರಿದ ದುರ್ಯೋಧನ ತೆವಳಿಕೊಂಡು ಬರುತ್ತಾನೆ. ಸಿಟ್ಟಿನಿಂದ ಕುದಿಯುತ್ತಿರುವ ಬಲರಾಮನನ್ನು ಅವನೇ ಸಮಾಧಾನಪಡಿಸುತ್ತಾನೆ. ಕುರುಡ ತಂದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ತಾಯಿ, ಇಬ್ಬರು ರಾಣಿಯರು ಅವನನ್ನು ಹುಡುಕುತ್ತ ರಣರಂಗಕ್ಕೆ ಬರುತ್ತಾರೆ. ಜೊತೆಯಲ್ಲಿ ಪುಟ್ಟ ಮಗ ದುರ್ಜಯ. ನಡೆದು ನಡೆದು ದಣಿದ ಮಗು ಅಪ್ಪನನ್ನು ಕಂಡೊಡನೆ ತೊಡೆಯ ಮೇಲೆ ಕೂರುತ್ತೇನೆ ಎನ್ನುತ್ತದೆ. ಅಪ್ಪ ತಡೆಯುತ್ತಾನೆ. ಏಕೆ ಬೇಡವೆನ್ನುತ್ತೀ ಎಂದು ಮಗು ಕೇಳುತ್ತದೆ. ಆಗ ದುರ್ಯೋಧನ ಹೇಳುವ ಮಾತು ಇಷ್ಟೇ:

“ತ್ಯಕ್ತ್ವಾ ಪರಿಚಿತಂ ಪುತ್ರ ಯತ್ರ ತತ್ರ ತ್ವಯಾಸ್ಯತಾಮ್ |
ಅದ್ಯಪ್ರಭೃತಿ ನಾಸ್ತೀದಂ ಪೂರ್ವಭುಕ್ತಂ ತವಾಸನಮ್ ||”

ನಿನಗೆ ರೂಢಿಯಾದ ಜಾಗವನ್ನು ಬಿಟ್ಟು ಇನ್ನೆಲ್ಲಾದರೂ ಕುಳಿತುಕೋ ಮಗನೇ. ನೀನು ಇದುವರೆಗೆ ಕೂರುತ್ತಿದ್ದ ಪೀಠ ಇಂದಿನಿಂದ ಇಲ್ಲ.

ತರಗತಿಯಲ್ಲಿ ಈ ಶ್ಲೋಕಕ್ಕೆ ಅರ್ಥ ಹೇಳುವಾಗಲೆಲ್ಲ ನನಗೆ ಒಂದು ವಿಷಯ ಮತ್ತೆ ಮತ್ತೆ ಎದುರಾಗಿದೆ. ಸಂಸ್ಕೃತದಲ್ಲಿ ಭೀಮ ಮುರಿದದ್ದು ‘ಊರು’, ಮಗು ಕೇಳಿದ್ದು ‘ಅಂಕ’. ಎರಡು ಬೇರೆ ಬೇರೆ ಪದಗಳು. ಕನ್ನಡದಲ್ಲಿ ಮುರಿದದ್ದೂ ತೊಡೆ, ಮಗು ಕೇಳಿದ್ದೂ ತೊಡೆ. ಸಭೆಯಲ್ಲಿ ದ್ರೌಪದಿಗೆ ತೆರೆದು ತೋರಿಸಿದ್ದೂ ಅದೇ ತೊಡೆ. ಭಾಸ ಸಂಸ್ಕೃತದಲ್ಲಿ ಬರೆದದ್ದು ನನ್ನ ಭಾಷೆಯಲ್ಲಿ ಒಂದೇ ಪದದೊಳಗೆ ಬಂದು ಕೂತಿದೆ. ಆ ಪದವನ್ನು ಉಚ್ಚರಿಸುವಾಗ ನನ್ನ ಗಂಟಲು ಕಟ್ಟುತ್ತದೆ. ಭೀಮನ ಪ್ರತಿಜ್ಞೆ ನ್ಯಾಯವಾದದ್ದೇ. ಅದನ್ನು ಭಾಸ ಎಲ್ಲಿಯೂ ಅಲ್ಲಗಳೆಯುವುದಿಲ್ಲ. ನ್ಯಾಯ ಸಂದ ಜಾಗದಲ್ಲೇ ಒಂದು ಮಗು ಕೂರುತ್ತಿತ್ತು ಎಂದು ತೋರಿಸುತ್ತಾನೆ, ಅಷ್ಟೇ. ಎಲ್ಲಿಗೆ ಹೋಗುತ್ತೀ ಎಂದು ಮಗು ಕೇಳುತ್ತದೆ. ನೂರು ತಮ್ಮಂದಿರ ಹಿಂದೆ ಎನ್ನುತ್ತಾನೆ. ನನ್ನನ್ನೂ ಕರೆದುಕೊಂಡು ಹೋಗು ಎನ್ನುತ್ತದೆ. “ಹೋಗು ಮಗನೇ, ಇದನ್ನು ವೃಕೋದರನಿಗೆ ಹೇಳು.” ವೃಕೋದರನೆಂದರೆ ಭೀಮ. ಈ ಉತ್ತರದ ಮುಂದೆ ನಾನು ಎಷ್ಟೋ ಸಲ ಪುಸ್ತಕ ಮುಚ್ಚಿಟ್ಟಿದ್ದೇನೆ.

ರನ್ನನನ್ನು ಓದಿದವರಿಗೆ ಇಲ್ಲಿ ಲಕ್ಷಣಕುಮಾರನ ಶವದ ಮುಂದೆ ನಿಂತ ದುರ್ಯೋಧನ ನೆನಪಾಗದೆ ಇರುವುದಿಲ್ಲ. “ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ” ಎಂದು ಆರಂಭವಾಗುವ ಆ ಪದ್ಯದಲ್ಲಿ, ಮಗ ತಂದೆಗೆ ಕೊಡಬೇಕಾದ ನೀರನ್ನು ತಂದೆ ಮಗನಿಗೆ ಕೊಡುವಂತಾಯಿತಲ್ಲ, ಕ್ರಮವನ್ನೇ ತಿರುವುಮುರುವು ಮಾಡುವುದೇ ಎಂದು ಅವನು ಕೇಳುತ್ತಾನೆ. ರನ್ನನಲ್ಲಿ ಸತ್ತ ಮಗ, ಬದುಕಿರುವ ತಂದೆ. ಭಾಸನಲ್ಲಿ ಸಾಯುತ್ತಿರುವ ತಂದೆ, ಬದುಕಿರುವ ಮಗ. ಒಬ್ಬ ಕವಿ ಬೊಗಸೆ ನೀರಿನಲ್ಲಿ, ಇನ್ನೊಬ್ಬ ಮುರಿದ ತೊಡೆಯಲ್ಲಿ ಇಡೀ ಕುರುಕುಲದ ಅಳಿವನ್ನು ಕಂಡರು. ಗದಾಯುದ್ಧವನ್ನು ಓದಿ ಬೆಳೆದ ನನಗೆ ಊರುಭಂಗ ಹೊರಗಿನದು ಎಂದು ಯಾವತ್ತೂ ಅನ್ನಿಸಿಲ್ಲ.

ಇನ್ನು ಸ್ವಪ್ನವಾಸವದತ್ತ. ಇದನ್ನು ಎರಡನೆಯ ಸ್ಥಾನಕ್ಕೆ ಇಳಿಸಿದ್ದಕ್ಕೆ ನನ್ನ ಅಕ್ಕನಿಗೆ ನನ್ನ ಮೇಲೆ ಇನ್ನೂ ಅಸಮಾಧಾನವಿದೆ. ಕಥೆ ಹೀಗಿದೆ: ವತ್ಸರಾಜ ಉದಯನ ರಾಜ್ಯ ಕಳೆದುಕೊಂಡಿದ್ದಾನೆ. ಅದನ್ನು ಮರಳಿ ಪಡೆಯಲು ಮಗಧದ ನೆರವು ಬೇಕು, ಅದಕ್ಕಾಗಿ ಮಗಧದ ರಾಜಕುಮಾರಿ ಪದ್ಮಾವತಿಯೊಡನೆ ಮದುವೆಯಾಗಬೇಕು. ರಾಣಿ ವಾಸವದತ್ತೆ ಇರುವವರೆಗೆ ರಾಜ ಒಪ್ಪುವವನಲ್ಲ. ಮಂತ್ರಿ ಯೌಗಂಧರಾಯಣ ರಾಣಿ ಬೆಂಕಿಯಲ್ಲಿ ಸತ್ತಳೆಂದು ಸುದ್ದಿ ಹಬ್ಬಿಸಿ, ಅವಳನ್ನು ವೇಷ ಮರೆಸಿ ಪದ್ಮಾವತಿಯ ಬಳಿಯಲ್ಲೇ ಇರಿಸುತ್ತಾನೆ. ಮೂರನೆಯ ಅಂಕದಲ್ಲಿ ಮದುವೆಯ ಮಾಲೆ ಕಟ್ಟುವ ಕೆಲಸ ವಾಸವದತ್ತೆಯ ಪಾಲಿಗೇ ಬರುತ್ತದೆ. ತನ್ನ ಗಂಡನ ಮದುವೆಗೆ ತಾನೇ ಮಾಲೆ ಕಟ್ಟಬೇಕು. ದಾಸಿ ತಂದ ಹೂಬುಟ್ಟಿಯಲ್ಲಿ ಎರಡು ಮೂಲಿಕೆಗಳಿವೆ. ಒಂದು ಮುತ್ತೈದೆತನ ಉಳಿಸುವುದು. ಅದನ್ನು ಹೆಚ್ಚಾಗಿಯೇ ಸೇರಿಸಬೇಕು, ನನಗೂ ಪದ್ಮಾವತಿಗೂ ಎಂದು ಅವಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಾಳೆ. ಇನ್ನೊಂದು ಸವತಿಯನ್ನು ತುಳಿಯುವ ಮೂಲಿಕೆ. ಅದನ್ನು ಕಟ್ಟುವುದಿಲ್ಲ ಎನ್ನುತ್ತಾಳೆ. ಏಕೆಂದು ದಾಸಿ ಕೇಳಿದರೆ, “ಅವನ ಹೆಂಡತಿ ಸತ್ತಿದ್ದಾಳಲ್ಲ, ಇದರಿಂದ ಪ್ರಯೋಜನವಿಲ್ಲ.”

ಐದನೆಯ ಅಂಕದ ಕನಸಿನ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಪದ್ಮಾವತಿಗೆ ತಲೆನೋವೆಂದು ಕೇಳಿ ಬಂದ ವಾಸವದತ್ತೆ, ಮಲಗಿರುವವಳು ಅವಳೇ ಎಂದುಕೊಂಡು ಹಾಸಿಗೆಯ ಮೇಲೆ ಒರಗುತ್ತಾಳೆ. ಅಲ್ಲಿ ಮಲಗಿರುವವನು ಉದಯನ. ಅವನು ನಿದ್ದೆಯಲ್ಲಿ ಅವಳ ಹೆಸರು ಹಿಡಿದು ಮಾತನಾಡುತ್ತಾನೆ, ಅವಳು ಉತ್ತರಿಸುತ್ತಾಳೆ. ಯಾರಾದರೂ ಕಂಡಾರೆಂದು ಎದ್ದು ಹೊರಟವಳು ಒಂದು ಕ್ಷಣ ನಿಲ್ಲುತ್ತಾಳೆ. ಮಂಚದಿಂದ ಕೆಳಗೆ ಜೋತುಬಿದ್ದಿದ್ದ ಅವನ ಕೈಯನ್ನು ಎತ್ತಿ ಹಾಸಿಗೆಯ ಮೇಲಿಟ್ಟು ಹೋಗುತ್ತಾಳೆ. ಆ ಸ್ಪರ್ಶಕ್ಕೆ ಅವನಿಗೆ ಎಚ್ಚರವಾಗುತ್ತದೆ. ಎದ್ದು ಬೆನ್ನು ಹತ್ತಿದವನು ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾನೆ. ಹೆಂಡತಿಯ ರೂಢಿಯ ಕೆಲಸ ಅದು, ಮಲಗಿದವನ ಕೈ ಸರಿಪಡಿಸುವುದು. ಎಷ್ಟು ದಿನ ವೇಷ ಹಾಕಿದರೂ ಕೈಗೆ ಅಂಟಿದ ರೂಢಿ ಬಿಟ್ಟಿಲ್ಲ.

ಅಕ್ಕ ಹೇಳುವುದು ಹೀಗೆ: “ನಿನ್ನ ದುರ್ಯೋಧನ ಎಲ್ಲರ ಮುಂದೆ ಸಾಯುತ್ತಾನೆ, ಎಲ್ಲರೂ ಅವನಿಗಾಗಿ ಅಳುತ್ತಾರೆ. ವಾಸವದತ್ತೆಗೆ ಅಳುವುದಕ್ಕೂ ಅವಕಾಶವಿಲ್ಲ, ಅದನ್ನು ನೋಡು.” ಅವಳ ಮಾತಿನಲ್ಲಿ ತೂಕವಿದೆ. ನಾಲ್ಕನೆಯ ಅಂಕದಲ್ಲಿ, ಪದ್ಮಾವತಿ ರೂಪಶೀಲಗಳಿಂದ ಮೆಚ್ಚಿಕೆಯಾದರೂ ವಾಸವದತ್ತೆಗೆ ಕಟ್ಟುಬಿದ್ದ ತನ್ನ ಮನಸ್ಸನ್ನು ಸೆಳೆದಿಲ್ಲ ಎಂದು ರಾಜ ವಿದೂಷಕನಿಗೆ ಹೇಳುವುದನ್ನು ಇಬ್ಬರು ಹೆಂಗಸರೂ ಬಳ್ಳಿಯ ಮರೆಯಲ್ಲಿ ಕೇಳಿಸಿಕೊಳ್ಳುತ್ತಾರೆ. ಈ ಕಷ್ಟಕ್ಕೆ ಸಂಬಳ ಸಂದಿತು ಎಂದು ವಾಸವದತ್ತೆ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ. ಆದರೂ ನಾನು ಇದನ್ನು ಎರಡನೆಯದಾಗಿ ಇಡುವುದು ಆರನೆಯ ಅಂಕದ ಕಾರಣಕ್ಕೆ. ಅಲ್ಲಿ ಚಿತ್ರಪಟ ಬರುತ್ತದೆ, ಗುರುತು ಸಿಗುತ್ತದೆ, ಎಲ್ಲವೂ ಸರಿಹೋಗುತ್ತದೆ. ಪದ್ಮಾವತಿಯ ಮನಸ್ಸಿನಲ್ಲಿ ಏನಾಯಿತು ಎಂಬುದಕ್ಕೆ ಭಾಸ ಹೆಚ್ಚು ಹೊತ್ತು ಕೊಡುವುದಿಲ್ಲ. ಊರುಭಂಗದಲ್ಲಿ ಯಾವುದೂ ಸರಿಹೋಗುವುದಿಲ್ಲ.

ಮೂರನೆಯದು ಪ್ರತಿಮಾನಾಟಕ, ಅದೂ ಮೂರನೆಯ ಅಂಕದ ಬಲದಿಂದಲೇ. ಸೋದರಮಾವನ ಮನೆಯಿಂದ ಅಯೋಧ್ಯೆಗೆ ಮರಳುತ್ತಿರುವ ಭರತನಿಗೆ ತಂದೆ ತೀರಿಕೊಂಡದ್ದು ಗೊತ್ತಿಲ್ಲ. ಊರ ಹೊರಗೆ ಒಂದು ಗುಡಿಯಂಥ ಮನೆ ಕಂಡು ಒಳಗೆ ಹೋಗುತ್ತಾನೆ. ನಾಲ್ಕು ಪ್ರತಿಮೆಗಳು. ದೇವರೆಂದು ಕೈಮುಗಿಯಲು ಹೊರಟರೆ ಅಲ್ಲಿನ ಪೂಜಾರಿ ತಡೆದು, ಇವರು ಇಕ್ಷ್ವಾಕು ರಾಜರು ಎಂದು ಹೆಸರು ಹೇಳುತ್ತಾನೆ: ದಿಲೀಪ, ರಘು, ಅಜ. ಭರತನ ಎದೆ ನಡುಗುತ್ತದೆ. ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಮೊದಲಿನಿಂದ ಹೇಳಿಸುತ್ತಾನೆ. ಕೊನೆಗೆ, ಬದುಕಿರುವವರ ಪ್ರತಿಮೆಯನ್ನೂ ಇಲ್ಲಿ ಇಡುತ್ತಾರೆಯೇ ಎಂದು ಕೇಳುತ್ತಾನೆ. ಇಲ್ಲ, ತೀರಿಕೊಂಡವರದು ಮಾತ್ರ. ಹಾಗಾದರೆ ಬರುತ್ತೇನೆ ಎಂದು ನಾಲ್ಕನೆಯದನ್ನು ಕೇಳದೆಯೇ ಹೊರಡುತ್ತಾನೆ. ಪೂಜಾರಿ ಬಿಡುವುದಿಲ್ಲ; ಹೆಣ್ಣಿನ ಶುಲ್ಕಕ್ಕಾಗಿ ಪ್ರಾಣವನ್ನೂ ರಾಜ್ಯವನ್ನೂ ಬಿಟ್ಟ ದಶರಥನ ಪ್ರತಿಮೆಯನ್ನು ಏಕೆ ವಿಚಾರಿಸಲಿಲ್ಲ ಎಂದು ಕೇಳಿಯೇ ಬಿಡುತ್ತಾನೆ. ಸಾವಿನ ಸುದ್ದಿಯನ್ನು ಕಿವಿಗೆ ಬೀಳದಂತೆ ಇನ್ನೊಂದು ಗಳಿಗೆ ಮುಂದೂಡಲು ಒದ್ದಾಡುವ ಮನುಷ್ಯನನ್ನು ಇಷ್ಟು ನಿಜವಾಗಿ ನಾನು ಬೇರೆಲ್ಲೂ ಕಂಡಿಲ್ಲ. ಆಸ್ಪತ್ರೆಯ ಹೊರಗೆ, ವೈದ್ಯರು ಬರುವುದನ್ನು ಕಂಡು, ಬೇರೇನನ್ನೋ ಕೇಳಿದವರಿಗೆ ಈ ಭರತ ಗೊತ್ತು. ನಾಟಕದ ಉಳಿದ ಭಾಗ ಇಷ್ಟು ಎತ್ತರದಲ್ಲಿಲ್ಲ. ಹದಿನಾಲ್ಕು ದಿನ ಎನ್ನಲು ಹೋಗಿ ಕಳವಳದಲ್ಲಿ ಹದಿನಾಲ್ಕು ವರ್ಷ ಎಂದುಬಿಟ್ಟೆ ಎಂಬ ಕೈಕೇಯಿಯ ಸಮಜಾಯಿಷಿಯನ್ನು ನಾನು ಒಪ್ಪಲಾರೆ. ತಪ್ಪು ಮಾಡಿದವಳ ತಪ್ಪನ್ನು ಕಿತ್ತುಕೊಂಡರೆ ಅವಳ ನೋವೂ ಹೋಗುತ್ತದೆ.

ನಾಲ್ಕನೆಯದು ಕರ್ಣಭಾರ. ನೆನೆಯುವುದಾದರೆ ಕರ್ಣನನ್ನು ನೆನೆ ಎಂದ ಪಂಪನ ನಾಡಿನವರು ಇದನ್ನು ಮೇಲೆ ಇಡಬೇಕೆಂದು ಜಗಳವಾಡುತ್ತಾರೆ. ಬ್ರಾಹ್ಮಣ ವೇಷದಲ್ಲಿ ಬಂದ ಇಂದ್ರನಿಗೆ ಕರ್ಣ ನಮಸ್ಕರಿಸಿದಾಗ, ದೀರ್ಘಾಯುವಾಗು ಎಂದು ಹರಸಿದರೆ ಇವನು ಬದುಕಿಬಿಡುತ್ತಾನಲ್ಲ ಎಂದು ಇಂದ್ರ ತಡವರಿಸಿ, ನಿನ್ನ ಕೀರ್ತಿ ಸೂರ್ಯಚಂದ್ರರಂತೆ, ಹಿಮವಂತನಂತೆ, ಸಾಗರದಂತೆ ನಿಲ್ಲಲಿ ಎನ್ನುವುದು ಅದ್ಭುತವಾದ ಜಾಗ. ಆದರೆ ಕರ್ಣನ ಕೊಡುಗೆ ದೊಡ್ಡದು, ಎಲ್ಲರಿಗೂ ಕಾಣುವಂಥದು. ನನಗೆ ಬೇಕಾದ ಆ ಸಣ್ಣ ಸಂಗತಿ ಇಲ್ಲಿ ಕಡಿಮೆ.

ಆಮೇಲಿನವನ್ನು ಬೇಗ ಹೇಳುತ್ತೇನೆ. ಐದನೆಯದು ಪ್ರತಿಜ್ಞಾಯೌಗಂಧರಾಯಣ: ಉದಯನ-ವಾಸವದತ್ತೆಯರ ಪ್ರೇಮದ ಕಥೆ, ಆದರೆ ಇಬ್ಬರೂ ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ. ಮಗಳಿಗೆ ಯಾವ ರಾಜ ತಕ್ಕವನು ಎಂದು ತಂದೆ ಹೆಂಡತಿಯನ್ನು ಕೇಳುತ್ತಿರುವಾಗಲೇ ಅಂತಃಪುರದ ಅಧಿಕಾರಿ ಕಂಚುಕಿ ಓಡಿಬಂದು “ವತ್ಸರಾಜ” ಎನ್ನುತ್ತಾನೆ. ಅವನು ತಂದದ್ದು ವತ್ಸರಾಜ ಸೆರೆಸಿಕ್ಕ ಸುದ್ದಿ. ಪ್ರೇಕ್ಷಕನಿಗೆ ಅದು ವರನ ಹೆಸರು. ಆರನೆಯದು ಮಧ್ಯಮವ್ಯಾಯೋಗ, ಏಳನೆಯದು ಪಂಚರಾತ್ರ. ಪಂಚರಾತ್ರದಲ್ಲಿ ದುರ್ಯೋಧನ ಗುರುದಕ್ಷಿಣೆಯಾಗಿ ಅರ್ಧ ರಾಜ್ಯ ಕೊಟ್ಟೇಬಿಡುತ್ತಾನೆ, ಯುದ್ಧವೇ ಬೇಡವಾಗುತ್ತದೆ. ಸೆರೆಸಿಕ್ಕ ಅಭಿಮನ್ಯುವನ್ನು ಬೃಹನ್ನಳೆ ತಾಯಿಯ ಕ್ಷೇಮ ವಿಚಾರಿಸಿದಾಗ ಹುಡುಗ ಕೆರಳಿ, ತಂದೆಯ ಹಾಗೆ ಹೆಂಗಸರ ವಿಷಯ ಕೇಳಲು ನೀನೇನು ಧರ್ಮರಾಜನೋ, ಭೀಮನೋ, ಧನಂಜಯನೋ ಎನ್ನುತ್ತಾನೆ. ಬೃಹನ್ನಳೆಯ ವೇಷದಲ್ಲಿ ಕೇಳಿದವನು ಧನಂಜಯನೇ, ಅವನ ತಂದೆ ಅರ್ಜುನ. ಎಂಟು ಚಾರುದತ್ತ, ನಾಲ್ಕೇ ಅಂಕಕ್ಕೆ ನಿಂತಿರುವುದರಿಂದ ಕಥೆಯನ್ನು ಪೂರ್ತಿಯಾಗಿ ಕಾಣಲು ಶೂದ್ರಕನ ಮೃಚ್ಛಕಟಿಕಕ್ಕೆ ಹೋಗಬೇಕು. ಒಂಬತ್ತು ದೂತವಾಕ್ಯ, ಹತ್ತು ಅವಿಮಾರಕ, ಹನ್ನೊಂದು ದೂತಘಟೋತ್ಕಚ, ಹನ್ನೆರಡು ಬಾಲಚರಿತ. ಕೊನೆಯದು ಅಭಿಷೇಕ. ಕಿಷ್ಕಿಂಧೆಯಿಂದ ಪಟ್ಟಾಭಿಷೇಕದವರೆಗೆ ರಾಮನ ಕಥೆ ಆರು ಅಂಕಗಳಲ್ಲಿ ಓಡುತ್ತದೆ, ಎಲ್ಲಿಯೂ ಕೂರುವುದಿಲ್ಲ.

ಈ ಪ್ರಶ್ನೆ ಕೇಳಿದವರು ಸಾಮಾನ್ಯವಾಗಿ ಮುಂದಿನದನ್ನೂ ಕೇಳುತ್ತಾರೆ: ಎಲ್ಲಿಂದ ಆರಂಭಿಸಬೇಕು? ಮಧ್ಯಮವ್ಯಾಯೋಗದಿಂದ. ಒಂದೇ ಅಂಕ, ಸರಳ ಸಂಸ್ಕೃತ, ಮಕ್ಕಳೂ ಆಡಬಹುದು. ಘಟೋತ್ಕಚ ಬ್ರಾಹ್ಮಣ ಕುಟುಂಬವೊಂದನ್ನು ಅಡ್ಡಗಟ್ಟಿ, ತಾಯಿಯ ಆಹಾರಕ್ಕೆ ಒಬ್ಬ ಮಗನನ್ನು ಕೊಡಿ ಎನ್ನುತ್ತಾನೆ. ಹಿರಿಯವನನ್ನು ಕೊಡಲಾರೆ ಎನ್ನುತ್ತಾನೆ ತಂದೆ, ಕಿರಿಯವನನ್ನು ಕೊಡಲಾರೆ ಎನ್ನುತ್ತಾಳೆ ತಾಯಿ. ನಡುವಿನವನನ್ನು ಯಾರೂ ಹಿಡಿದುಕೊಳ್ಳುವುದಿಲ್ಲ. ನನ್ನ ವಿದ್ಯಾರ್ಥಿಗಳು ಒಮ್ಮೆ ಇದನ್ನು ಆಡಿದಾಗ, ನಡುವಿನವನ ಪಾತ್ರ ಮಾಡಿದ ಹುಡುಗ ಆ ಗಳಿಗೆಯಲ್ಲಿ ಏನೂ ಅಭಿನಯಿಸಲಿಲ್ಲ. ಕೈ ಕೆಳಗೆ ಬಿಟ್ಟು ಅಪ್ಪನನ್ನೂ ಅಮ್ಮನನ್ನೂ ಒಂದೊಂದು ಸಲ ನೋಡಿದ, ಆಮೇಲೆ ನೀರು ಕುಡಿದು ಬರುತ್ತೇನೆಂದು ಘಟೋತ್ಕಚನ ಅಪ್ಪಣೆ ಕೇಳಿದ. ಇದಾದ ಮೇಲೆ ಪ್ರತಿಮೆಯ ಮೂರನೆಯ ಅಂಕ, ಅನಂತರ ಸ್ವಪ್ನ. ಊರುಭಂಗವನ್ನು ತೆರೆಯುವ ಮೊದಲು ರನ್ನನ ಗದಾಯುದ್ಧವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ.